ಕಾರಿನ ಜಿಪಿಎಸ್ ಕೊಳ್ಳುವಾಗ ಮೊದಲು ನಕ್ಷೆ, ಆಮೇಲೆ ಪರದೆ

ಅಂಗೈಯಗಲದ ಪೆಟ್ಟಿಗೆ, ಮುಂಗಾಜಿಗೆ ಕಚ್ಚಿಕೊಳ್ಳುವ ರಬ್ಬರ್ ಬಟ್ಟಲು, ಸಿಗರೇಟ್ ಲೈಟರಿನ ತೂತಿಗೆ ಸಿಕ್ಕಿಸುವ ವೈರು. ಪೋರ್ಟಬಲ್ ಕಾರ್ ಜಿಪಿಎಸ್ ನ್ಯಾವಿಗೇಟರ್ ಅಂದರೆ ನೋಡುವುದಕ್ಕೆ ಇಷ್ಟೇ. ಒಂದು ಕಾರಿನಿಂದ ಕಿತ್ತು ಇನ್ನೊಂದಕ್ಕೆ ಹಾಕಿಕೊಳ್ಳಬಹುದು. 2000ದ ದಶಕದ ನಡುವೆ ಟಾಮ್‌ಟಾಮ್‌ನ ‘ಗೋ’, ಗಾರ್ಮಿನ್‌ನ ‘ನುವಿ’ ಯುರೋಪ್, ಅಮೆರಿಕದ ಕಾರುಗಳಲ್ಲಿ ಮಾಮೂಲಾದವು. ನಮ್ಮಲ್ಲಿ ಮ್ಯಾಪ್‌ಮೈಇಂಡಿಯಾದಂಥ ಕಂಪನಿಗಳು ಭಾರತದ ನಕ್ಷೆ ತುಂಬಿದ ಉಪಕರಣಗಳನ್ನು ತಂದವು. ಸ್ಮಾರ್ಟ್‌ಫೋನ್ ಬಂದ ಮೇಲೆ ಇವುಗಳ ಮಾರುಕಟ್ಟೆ ಕುಗ್ಗಿತು. ಆದರೆ ಕೆಲವರಿಗೆ ಇದು ಇವತ್ತಿಗೂ ಬೇಕಾದ ವಸ್ತು. ಆ ಕೆಲವರಲ್ಲಿ ನೀವೂ ಒಬ್ಬರೇ ಎಂಬುದನ್ನು ಮೊದಲು ತೀರ್ಮಾನಿಸಿಕೊಳ್ಳಬೇಕು.

ಕಿಸೆಯಲ್ಲಿ ಫೋನ್ ಇರುವಾಗ ಇದೇಕೆ?

ಒಂದು ಜುಲೈ ಸಂಜೆ ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿಯುತ್ತಿದ್ದೆವು. ಮಂಜು ಬಾನೆಟ್ಟಿನ ಮೇಲೇ ಕೂತಂತಿತ್ತು. ಫೋನಿನಲ್ಲಿ ನೀಲಿ ಚುಕ್ಕೆಯೇನೋ ಇತ್ತು, ಆದರೆ ಅದರ ಸುತ್ತ ಬರೀ ಬೂದುಬಣ್ಣದ ಚೌಕಗಳು. ಗೆಳೆಯನ ಡ್ಯಾಶ್‌ಬೋರ್ಡಿನ ಪೆಟ್ಟಿಗೆ ಮಾತ್ರ ಮುಂದಿನ ತಿರುವಿನ ಬಾಗನ್ನು ಬಿಡಿಸಿ ತೋರಿಸುತ್ತಿತ್ತು. ಇನ್ನೂರು ಮೀಟರ್ ಮುಂದೆ ರಸ್ತೆ ಯಾವ ಕಡೆಗೆ ಹೊರಳುತ್ತದೆಂದು ಮೊದಲೇ ತಿಳಿಯುವುದು ಅಂಥ ಹೊತ್ತಿನಲ್ಲಿ ಎಷ್ಟು ದೊಡ್ಡ ಧೈರ್ಯ ಎಂಬುದು ಆ ಇಳಿಜಾರಿನಲ್ಲಿ ಕೂತವರಿಗೇ ಗೊತ್ತು.

ಇಲ್ಲೊಂದು ತಪ್ಪು ತಿಳಿವಳಿಕೆ ಬಹಳ ಜನರಲ್ಲಿದೆ. ಜಿಪಿಎಸ್‌ಗೆ ಮೊಬೈಲ್ ನೆಟ್‌ವರ್ಕ್ ಬೇಕಿಲ್ಲ, ಫೋನಿನ ಜಿಪಿಎಸ್‌ಗೂ ಬೇಕಿಲ್ಲ. ನೆಟ್‌ವರ್ಕ್ ಬೇಕಾಗುವುದು ನಕ್ಷೆಯನ್ನು ತರಿಸಿಕೊಳ್ಳಲು. ಪ್ರಯಾಣಕ್ಕೆ ಮುಂಚೆಯೇ ಆಫ್‌ಲೈನ್ ನಕ್ಷೆ ಇಳಿಸಿಕೊಳ್ಳುವ ಶಿಸ್ತು ಇದ್ದವರಿಗೆ ಫೋನೇ ಸಾಕು. ಮಲೆನಾಡಿನಲ್ಲಿ ವಾರಕ್ಕೆರಡು ಸಲ ಓಡಾಡುವವರು, ಗಾಡಿ ಓಡಿಸುವಾಗ ಕರೆ–ಸಂದೇಶಗಳ ಕಾಟವೇ ಬೇಡ ಎನ್ನುವವರು, ಒಂದೇ ಗುಂಡಿ ಒತ್ತಿದರೆ ದಾರಿ ಕಾಣಬೇಕು ಎನ್ನುವ ಹಿರಿಯರು ಇದನ್ನು ಕೊಳ್ಳಬಹುದು. ಲಾರಿಯವರಿಗಂತೂ ಬೇರೆ ಮಾದರಿಗಳೇ ಇವೆ. ಗಾಡಿಯ ಎತ್ತರ, ಅಗಲ, ತೂಕ ತುಂಬಿಸಿಟ್ಟರೆ, ನಕ್ಷೆಯಲ್ಲಿ ಆ ಮಾಹಿತಿ ಇರುವ ಕಡೆಗಳಲ್ಲಿ ಅವು ತಗ್ಗಿನ ಸೇತುವೆಗಳನ್ನು ತಪ್ಪಿಸಿ ದಾರಿ ಹಾಕುತ್ತವೆ.

ಆಕಾಶದಿಂದ ಬರುವುದು ಏನು?

ಅಮೆರಿಕದ ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುತ್ತವೆ. ಮೊದಲನೆಯದು ಹಾರಿದ್ದು 1978ರಲ್ಲಿ. ಪ್ರತಿ ಉಪಗ್ರಹವೂ ತನ್ನ ಪರಮಾಣು ಗಡಿಯಾರದ ಸಮಯವನ್ನು ಸಾರುತ್ತಲೇ ಇರುತ್ತದೆ. ಆ ಸಂಕೇತ ತಲುಪಲು ಹಿಡಿದ ಹೊತ್ತಿನಿಂದ ನಿಮ್ಮ ಪೆಟ್ಟಿಗೆ ದೂರವನ್ನು ಲೆಕ್ಕ ಹಾಕುತ್ತದೆ. ಒಂದು ಮೈಕ್ರೊಸೆಕೆಂಡ್ ತಪ್ಪಿದರೆ 300 ಮೀಟರ್ ತಪ್ಪಿದಂತೆ. ಪೆಟ್ಟಿಗೆಯ ಅಗ್ಗದ ಗಡಿಯಾರ ಅಷ್ಟು ನಿಖರವಲ್ಲ. ಹಾಗಾಗಿ ಜಾಗ ತಿಳಿಯಲು ಮೂರು ಉಪಗ್ರಹ, ಗಡಿಯಾರದ ತಪ್ಪು ತಿದ್ದಲು ನಾಲ್ಕನೆಯದು ಬೇಕು. ನಾಗರಿಕರಿಗೆ ಸಿಗುವ ಸಂಕೇತವನ್ನು ಬೇಕೆಂದೇ ಮಸುಕು ಮಾಡುವ ಪದ್ಧತಿಯನ್ನು ಅಮೆರಿಕ 2000ದ ಮೇ ತಿಂಗಳಲ್ಲಿ ಕೈಬಿಟ್ಟಿತು. ಕಾರಿಗೆ ದಾರಿ ತೋರಿಸುವಷ್ಟು ನಿಖರತೆ ಎಲ್ಲರಿಗೂ ದಕ್ಕಿದ್ದು ಆಗ.

ಈಗಿನ ಹಲವು ಉಪಕರಣಗಳು ರಷ್ಯಾದ ಗ್ಲೋನಾಸ್, ಯುರೋಪಿನ ಗೆಲಿಲಿಯೊ ಉಪಗ್ರಹಗಳನ್ನೂ ಬಳಸುತ್ತವೆ. ಬೆಟ್ಟದ ಸಂದಿಯಲ್ಲಿ, ಎತ್ತರದ ಕಟ್ಟಡಗಳ ನಡುವೆ ಇದು ನಿಜಕ್ಕೂ ಉಪಯೋಗಕ್ಕೆ ಬರುತ್ತದೆ, ಕೊಳ್ಳುವಾಗ ಕೇಳಿ. ನಮ್ಮದೇ ಆದ ನಾವಿಕ್ ವ್ಯವಸ್ಥೆಯ ಉಪಗ್ರಹಗಳ ಮೇಲೆ ಹಾಸನದ ಕೇಂದ್ರ ಕಣ್ಣಿಟ್ಟಿರುತ್ತದೆ, ಬೆಂಗಳೂರಿನ ಹೊರವಲಯದ ಬ್ಯಾಲಾಳಿನಲ್ಲಿ ಇಸ್ರೊದ ನ್ಯಾವಿಗೇಶನ್ ಕೇಂದ್ರವಿದೆ. ಆದರೆ ನಾವಿಕ್‌ನ ಮೊದಲ ತಲೆಮಾರಿನ ಉಪಗ್ರಹಗಳು ಮಾತಾಡುವ ಆವರ್ತನ ಬೇರೆ, ಸಾಮಾನ್ಯ ರಿಸೀವರುಗಳಿಗೆ ಅದು ಕೇಳಿಸದು. ಎಲ್ಲರೂ ಬಳಸುವ ಎಲ್1 ಆವರ್ತನದ ಸಂಕೇತ ಸೇರಿದ್ದು 2023ರ ಮೇ 29ರಂದು ಹಾರಿದ ಎನ್‌ವಿಎಸ್-01 ಉಪಗ್ರಹದಿಂದ.

ಜಾಗ ಸರಿ ಇದ್ದರೂ ರಸ್ತೆ ತಪ್ಪಬಹುದು. ಹೊಸೂರು ರಸ್ತೆಯ ಮೇಲೆ ಎಲೆಕ್ಟ್ರಾನಿಕ್ ಸಿಟಿಗೆ ಹೋಗುವ ಎತ್ತರದ ರಸ್ತೆ ಇದೆಯಲ್ಲ, ಅಲ್ಲಿ ನೀವು ಮೇಲಿದ್ದೀರೋ ಕೆಳಗಿದ್ದೀರೋ ಎಂಬುದು ಪೆಟ್ಟಿಗೆಗೆ ಸುಲಭವಾಗಿ ಗೊತ್ತಾಗದು. ಎಡ–ಬಲಕ್ಕಿಂತ ಎತ್ತರವನ್ನು ಅಳೆಯುವಲ್ಲಿ ಜಿಪಿಎಸ್ ಹೆಚ್ಚು ತಪ್ಪುತ್ತದೆ.

ನಕ್ಷೆಯ ವಯಸ್ಸು

ಉಪಗ್ರಹ ಹೇಳುವುದು ನೀವು ಎಲ್ಲಿದ್ದೀರಿ ಎಂಬುದನ್ನು ಮಾತ್ರ. ಅಲ್ಲಿಂದ ಮುಂದೆ ಯಾವ ದಾರಿ ಎಂದು ಹೇಳುವುದು ಪೆಟ್ಟಿಗೆಯೊಳಗಿನ ನಕ್ಷೆ. ನೀವು ದುಡ್ಡು ಕೊಡುವುದು ಮುಖ್ಯವಾಗಿ ಅದಕ್ಕೇ. ಅಂಗಡಿಯಲ್ಲೇ ನಿಂತು ಮೂರು ಪರೀಕ್ಷೆ ಮಾಡಿ ಎಂದು ನಾನು ಕೇಳಿದವರಿಗೆಲ್ಲ ಹೇಳುತ್ತೇನೆ.

‘ವಿಜಯಪುರ’ ಎಂದು ಹುಡುಕಿ. 2014ರ ನವೆಂಬರ್ 1ರಂದು ಬಿಜಾಪುರ ವಿಜಯಪುರವಾಯಿತು, ಗುಲ್ಬರ್ಗ ಕಲಬುರಗಿಯಾಯಿತು, ಹನ್ನೆರಡು ಊರುಗಳ ಹೆಸರು ಬದಲಾಯಿತು. ಹಳೆಯ ನಕ್ಷೆಗೆ ಗೊತ್ತಿರುವ ವಿಜಯಪುರ ದೇವನಹಳ್ಳಿ ತಾಲ್ಲೂಕಿನದು. ಗೋಳಗುಮ್ಮಟ ನೋಡಲು ಹೊರಟವರನ್ನು ಅದು ಬೆಂಗಳೂರಿನ ಪಕ್ಕಕ್ಕೇ ಕರೆದೊಯ್ದೀತು.

ಆಮೇಲೆ ರಾಷ್ಟ್ರೀಯ ಹೆದ್ದಾರಿ 48 ಎಲ್ಲಿದೆ ನೋಡಿ. 2010ರಲ್ಲಿ ದೇಶದ ಹೆದ್ದಾರಿಗಳ ಸಂಖ್ಯೆಗಳನ್ನೇ ಬದಲಿಸಲಾಯಿತು. ಮೊದಲು 48 ಎಂದಿದ್ದ ಬೆಂಗಳೂರು–ಮಂಗಳೂರು ರಸ್ತೆ ಈಗ 75. 4 ಎಂದಿದ್ದ ಬೆಂಗಳೂರು–ಪುಣೆ ರಸ್ತೆ ಈಗ 48. ನಕ್ಷೆ ಒಂದು ಹೇಳಿ ಬೋರ್ಡು ಇನ್ನೊಂದು ಹೇಳಿದರೆ, ರಾತ್ರಿ ಈ ಎರಡೂ ರಸ್ತೆಗಳು ಬೇರೆಯಾಗುವ ನೆಲಮಂಗಲದ ಕವಲಿನಲ್ಲಿ ಗಲಿಬಿಲಿ ಖಂಡಿತ.

ಕೊನೆಯದಾಗಿ ಬೆಂಗಳೂರು–ಮೈಸೂರು ಹೆದ್ದಾರಿ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಇದರ ಬೈಪಾಸುಗಳು ಬಿಡದಿ, ಮಂಡ್ಯದ ಹೊರಗಿನಿಂದ ಹಾದುಹೋಗುತ್ತವೆ. ಹಳೆಯ ನಕ್ಷೆ ಇಟ್ಟುಕೊಂಡು ಅಲ್ಲಿ ಹೋದರೆ, ಪರದೆಯ ಬಾಣ ರಸ್ತೆಯೇ ಇಲ್ಲದ ಬಯಲಿನಲ್ಲಿ, ಕಬ್ಬಿನ ಗದ್ದೆಯ ನಡುವೆ ತೇಲುತ್ತದೆ. ಪಾಪ, ಪೆಟ್ಟಿಗೆ ಪ್ರತಿ ಕಿಲೋಮೀಟರಿಗೂ ವಾಪಸ್ ತಿರುಗಿ ಎಂದು ಬೇಡಿಕೊಳ್ಳುತ್ತಲೇ ಇರುತ್ತದೆ.

ನಕ್ಷೆಯ ಅಪ್‌ಡೇಟ್ ವರ್ಷಕ್ಕೆ ಎಷ್ಟು ಸಲ, ಪುಕ್ಕಟೆಯೇ, ವೈಫೈ ಮೂಲಕವೋ ಕಂಪ್ಯೂಟರಿಗೆ ಜೋಡಿಸಿಯೋ ಎಂಬುದನ್ನು ಕೇಳಿ. ‘ಲೈಫ್‌ಟೈಮ್ ಮ್ಯಾಪ್’ ಎಂದರೆ ನಿಮ್ಮ ಆಯುಸ್ಸಲ್ಲ, ಆ ಮಾದರಿಯ ಆಯುಸ್ಸು. ವಿದೇಶದಲ್ಲಿರುವ ಮಕ್ಕಳಿಂದ ತರಿಸಿಕೊಳ್ಳುವವರಿಗೂ ಒಂದು ಮಾತು. ಅಮೆರಿಕದಲ್ಲಿ ಮಾರುವ ಉಪಕರಣದಲ್ಲಿ ಸಾಮಾನ್ಯವಾಗಿ ಉತ್ತರ ಅಮೆರಿಕದ ನಕ್ಷೆ ಇರುತ್ತದೆ. ಭಾರತದ ನಕ್ಷೆ ಆ ಮಾದರಿಗೆ ಸಿಗುತ್ತದೆಯೇ ಎಂದು ವಿಚಾರಿಸದೆ ತರಿಸಬೇಡಿ.

ಹೊಸಹಳ್ಳಿ ಯಾವುದು?

ಮನೆ ನಂಬರು, ಬೀದಿ ಹೆಸರು ಕೇಳುವ ಹುಡುಕಾಟ ಪಶ್ಚಿಮದ ಊರುಗಳಿಗೆ ಹೇಳಿ ಮಾಡಿಸಿದ್ದು. ನಮ್ಮ ವಿಳಾಸ ಮಾರಮ್ಮನ ಗುಡಿ ಎದುರು, ನ್ಯಾಯಬೆಲೆ ಅಂಗಡಿ ಪಕ್ಕ. ಹೊಸಹಳ್ಳಿಗಳಂತೂ ಜಿಲ್ಲೆಜಿಲ್ಲೆಯಲ್ಲೂ ಇವೆ, ಇಂಗ್ಲಿಷ್ ಅಕ್ಷರದಲ್ಲಿ ಒಂದೊಂದು ಕಡೆ ಒಂದೊಂದು ಕಾಗುಣಿತ. ಆದ್ದರಿಂದ ಅಕ್ಷಾಂಶ–ರೇಖಾಂಶವನ್ನು ನೇರವಾಗಿ ತುಂಬಿಸಲು ಬಿಡುವ ಉಪಕರಣವನ್ನೇ ಆರಿಸಿ. ಹುಡುಕಿದಾಗ ಊರಿನ ಜತೆ ತಾಲ್ಲೂಕು, ಜಿಲ್ಲೆ ಕಾಣಬೇಕು. ಹೋದ ಜಾಗವನ್ನು ಅಲ್ಲೇ ಉಳಿಸಿಟ್ಟುಕೊಳ್ಳುವ ಗುಂಡಿಯೂ ಬೇಕು. ಒಮ್ಮೆ ಅಜ್ಜಿಯ ಊರು ಮುಟ್ಟಿದಾಗ ಅಂಗಳದಲ್ಲೇ ನಿಂತು ಅದನ್ನು ಒತ್ತಿಬಿಟ್ಟರೆ ಮುಂದಿನ ಸಲ ಹುಡುಕುವ ಪ್ರಮೇಯವಿಲ್ಲ.

ಪರದೆ, ದನಿ, ಹಿಡಿಕೆ

ಸಣ್ಣ ಕಾರಿಗೆ 5 ಇಂಚು ಸಾಕು. 7 ಇಂಚಿನದು ರಸ್ತೆಯನ್ನೇ ಮರೆಮಾಡಬಹುದು. ಬಿಸಿಲಿಗೆ ಹಿಡಿದು ನೋಡಿ, ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಎಲ್ಲ ಪರದೆಗಳೂ ಚೆನ್ನಾಗಿಯೇ ಕಾಣುತ್ತವೆ. ಕಿಟಕಿ ಇಳಿಸಿದಾಗಲೂ ದನಿ ಕೇಳಬೇಕು. ಹಿಡಿಕೆಯನ್ನು ಗಾಜಿನ ಕೆಳಮೂಲೆಯಲ್ಲಿ ಕೂರಿಸಿ. ಕ್ಯಾಲಿಫೋರ್ನಿಯಾದಲ್ಲಿ ಕಾನೂನೇ ಇದರ ಅಳತೆ ಹೇಳುತ್ತದೆ: ಚಾಲಕನ ಕಡೆಯ ಕೆಳಮೂಲೆಯಲ್ಲಿ 5 ಇಂಚಿನ ಚೌಕ, ಪಕ್ಕದ ಸೀಟಿನ ಕಡೆ 7 ಇಂಚಿನದು. ಒಳಗಿನ ಬ್ಯಾಟರಿ ಸ್ವಲ್ಪ ಹೊತ್ತಿನದು, ವೈರು ಸದಾ ಬೇಕು. ಬಿಸಿಲಲ್ಲಿ ನಿಂತ ಕಾರಿನಲ್ಲಿ ಪೆಟ್ಟಿಗೆ ಬಿಟ್ಟು ಹೋದರೆ ಬ್ಯಾಟರಿ ಬೇಗ ಹಾಳಾಗುತ್ತದೆ.

ಸೆಕೆಂಡ್‌ಹ್ಯಾಂಡ್ ಆದರೆ

ಜಿಪಿಎಸ್ ವಾರಗಳನ್ನು 0ಯಿಂದ 1023ರವರೆಗೆ ಎಣಿಸಿ ಮತ್ತೆ ಸೊನ್ನೆಗೆ ಬರುತ್ತದೆ. 2019ರ ಏಪ್ರಿಲ್ 6ರ ರಾತ್ರಿ ಹಾಗಾಯಿತು. ಸಾಫ್ಟ್‌ವೇರ್ ತಿದ್ದದ ಕೆಲವು ಹಳೆಯ ಉಪಕರಣಗಳು ಅಂದಿನಿಂದ ಹತ್ತೊಂಬತ್ತು ವರ್ಷ ಹಿಂದಿನ ತಾರೀಖು ತೋರಿಸುತ್ತವೆ. ಬಯಲಿಗೆ ತಂದು ಆನ್ ಮಾಡಿ, ಉಪಗ್ರಹ ಸಿಕ್ಕ ಮೇಲೆ ತಾರೀಖು ನೋಡಿ. ಬಹಳ ದಿನ ಮುಚ್ಚಿಟ್ಟಿದ್ದರೆ ಉಪಗ್ರಹ ಸಿಗಲು ಹಲವು ನಿಮಿಷ ಬೇಕಾಗಬಹುದು, ಅಷ್ಟಕ್ಕೇ ಕೆಟ್ಟಿದೆ ಎನ್ನಬೇಡಿ.

ನಡುವಿನ ಊರು ಸೇರಿಸುವ ಸೌಲಭ್ಯ

ಹೊರಡುವ ಊರು, ಮುಟ್ಟುವ ಊರಿನ ನಡುವೆ ನಿಮಗೆ ಬೇಕಾದ ಊರುಗಳನ್ನು ಸೇರಿಸಲು ಬರಬೇಕು. ಇದು ಇಲ್ಲದ ಪೆಟ್ಟಿಗೆ ನನ್ನ ಮಟ್ಟಿಗೆ ಬೇಡ. ಉದಾಹರಣೆಗೆ, ಗುಂಡ್ಲುಪೇಟೆಯಿಂದ ವಯನಾಡಿನ ಸುಲ್ತಾನ್ ಬತ್ತೇರಿಗೆ ಹೋಗುವ ಹೆದ್ದಾರಿ 766ನ್ನು ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚುತ್ತಾರೆ, ಆನೆ–ಜಿಂಕೆಗಳು ಗಾಡಿಗೆ ಸಿಗದಿರಲೆಂದು. ಪೆಟ್ಟಿಗೆಗೆ ಅದು ಹತ್ತಿರದ ದಾರಿ, ಅಷ್ಟೇ. ಗೇಟಿನ ವೇಳೆ ಅದರ ನಕ್ಷೆಯಲ್ಲಿ ಇರಲಿಕ್ಕಿಲ್ಲ. ಮೈಸೂರು ಬಿಡುವಾಗಲೇ ಕತ್ತಲಾಗಿದ್ದರೆ ಹುಣಸೂರು, ಗೋಣಿಕೊಪ್ಪ, ಕುಟ್ಟ ಎಂದು ಒಂದೊಂದಾಗಿ ತುಂಬಿಸಿ, ಮಾನಂದವಾಡಿಯ ಕಡೆಯಿಂದ ವಯನಾಡಿಗೆ ಇಳಿಯಿರಿ.