ಬೀಸುವ ಕಲ್ಲಿನ ಗೆಳತಿ: ಒಂದು ಫ್ರೆಂಚ್ ಚಿತ್ರ ಮತ್ತು ಕೋಲಾರ ಸೀಮೆಯ ಹೆಣ್ಣುಸ್ನೇಹ

ಗುಸ್ತಾವ್ ಕೂರ್ಬೆ 1866ರಲ್ಲಿ ರಚಿಸಿದ ‘ನಿದ್ರೆ’ ಎಂಬ ತೈಲವರ್ಣಚಿತ್ರದಲ್ಲಿ ಇಬ್ಬರು ಹೆಂಗಸರು ಬೆತ್ತಲಾಗಿ, ಒಬ್ಬರ ತೆಕ್ಕೆಯಲ್ಲೊಬ್ಬರು ಮಲಗಿದ್ದಾರೆ. ಹರಿದ ಮುತ್ತಿನ ಸರ ಹಾಸಿನ ಮೇಲೆ ಬಿದ್ದಿದೆ. ಚಿತ್ರವನ್ನು ಬರೆಸಿದವನು ಪ್ಯಾರಿಸ್ಸಿನಲ್ಲಿದ್ದ ಆಟೊಮನ್ ರಾಜತಾಂತ್ರಿಕ ಖಲೀಲ್ ಬೇ. 1872ರಲ್ಲಿ ವ್ಯಾಪಾರಿಯೊಬ್ಬ ಅದನ್ನು ಪ್ರದರ್ಶಿಸಿದಾಗ ಪೊಲೀಸರು ವರದಿ ಬರೆದರು. ಈಗ ಅದು ಪ್ಯಾರಿಸ್ಸಿನ ಪೆಟಿ ಪ್ಯಾಲೆ ಸಂಗ್ರಹಾಲಯದಲ್ಲಿದೆ. ಬರೆದವನೂ ಬರೆಸಿದವನೂ ಗಂಡಸರೇ. ಮಲಗಿದವರಿಗೆ ಚಿತ್ರದಲ್ಲಿ ದೇಹವುಂಟು, ದನಿಯಿಲ್ಲ.

ನಮ್ಮ ಸೀಮೆಯಲ್ಲಿ ಇಂಥ ಚಿತ್ರವನ್ನು ಅರಸುವುದು ವ್ಯರ್ಥ. ಇಲ್ಲಿರುವುದು ದನಿಯೇ. ಬಂಗಾರಪೇಟೆ ಸುತ್ತಿನ ಹಳ್ಳಿಗಳಲ್ಲಿ ರಾಗಿ ಬೀಸುವ ಕಲ್ಲಿಗೆ ಇಬ್ಬರು ಹೆಂಗಸರು ಎದುರುಬದುರು ಕೂರುತ್ತಿದ್ದರು. ಗೂಟ ಒಂದೇ, ಕೈ ಎರಡು. ಒಬ್ಬಳು ಎಳೆದರೆ ಇನ್ನೊಬ್ಬಳು ತಳ್ಳಬೇಕು. ಮನೆಯವರು ಏಳುವ ಮುನ್ನಿನ ಆ ಹೊತ್ತಿನಲ್ಲಿ ತವರಿನ ನೆನಪು, ಅತ್ತೆಯ ಕಾಟ, ಗಂಡನ ಮುನಿಸು ಎಲ್ಲವೂ ಹಾಡಾಗುತ್ತಿದ್ದವು. ಕೆಲವೊಮ್ಮೆ ತೆಲುಗೂ ಸೇರುತ್ತಿತ್ತು. ಅದು ಈ ಗಡಿಯ ಸಹಜಗುಣ.

ಈ ಹಾಡುಗಳಲ್ಲಿ ಬರುವ ‘ಗೆಳತಿ’ ಎಂಬ ಸಂಬೋಧನೆಯನ್ನು ನಮ್ಮ ವಿದ್ವಾಂಸರು ಬಹುಮಟ್ಟಿಗೆ ಛಂದಸ್ಸು ತುಂಬಿಸುವ ಪದವೆಂದೇ ಬಗೆದಿದ್ದಾರೆ. ಎದುರಿಗೆ ಒಬ್ಬಳು ನಿಜವಾಗಿಯೂ ಕುಳಿತಿದ್ದಳೆಂಬುದನ್ನು ಮರೆತ ಓದು ಇದು. ಹಾಗೆಂದು ಆ ಸ್ನೇಹಕ್ಕೆ ಪ್ಯಾರಿಸ್ಸಿನ ಹೆಸರನ್ನು ಅಂಟಿಸುವುದೂ ಸಲ್ಲದು. ‘ಬರೀ ಸ್ನೇಹ’ವೆಂದು ತಳ್ಳಿಹಾಕುವುದಂತೂ ಇನ್ನೂ ಅವಸರದ ತೀರ್ಮಾನ.

ಕೋಲಾರದ ಚಿನ್ನದ ಗಣಿಗಳಲ್ಲಿ 1880ರಲ್ಲಿ ಜಾನ್ ಟೇಲರ್ ಕಂಪನಿ ಕಾಲಿಟ್ಟಿತು. ಉತ್ತರ ಆರ್ಕಾಟಿನಿಂದ ಬಂದ ತಮಿಳು ಕುಟುಂಬಗಳು ಕೂಲಿ ಲೈನುಗಳಲ್ಲಿ ನೆಲೆಸಿದವು. ಗಂಡಸರು ಪಾಳಿಗೆ ಗಣಿಯೊಳಗಿಳಿದಾಗ ನೆರೆಮನೆಯವಳೇ ಹೆಂಗಸಿನ ಆಸರೆ. ಕಂಪನಿಯ ಲೆಕ್ಕ ಔನ್ಸುಗಳದು. ಇಂಥ ಆಸರೆಗೆ ಅದರಲ್ಲಿ ಅಂಕಣವಿರಲಿಲ್ಲ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಗಣಿಗೆ ಬಂತು. ಮುಂದೆ ಹಿಟ್ಟಿನ ಗಿರಣಿಗಳು ಊರೂರಿಗೂ ಬಂದು ಬೀಸುವ ಕಲ್ಲನ್ನು ಮೂಲೆಗೆ ಸರಿಸಿದವು. ಹೆಂಗಸರ ರಟ್ಟೆಗೆ ಬಿಡುವು ದೊರೆತದ್ದು ಒಳ್ಳೆಯದೇ. ಆದರೆ ಇಬ್ಬರು ಎದುರಾಗಿ ಕೂರುವ ಜಾಗ ಹೋಯಿತು. 2001ರಲ್ಲಿ ಗಣಿಯೇ ಮುಚ್ಚಿತು.

ನಮ್ಮ ಸಂಗ್ರಹಗಳಲ್ಲಿ ಹಾಡಿಗೆ ಸಾಮಾನ್ಯವಾಗಿ ಒಬ್ಬ ವಕ್ತೃವಿನ ಹೆಸರಿರುತ್ತದೆ. ನನ್ನ ಕ್ಷೇತ್ರಕಾರ್ಯದ ಹಳೆಯ ಟಿಪ್ಪಣಿಗಳನ್ನು ಈಚೆಗೆ ತಿರುವಿದಾಗ ಅದೇ ತಪ್ಪು ಕಂಡಿತು: ಹಾಡು ಎತ್ತಿಕೊಂಡವಳ ಹೆಸರು, ವಯಸ್ಸು, ಊರು ಎಲ್ಲವನ್ನೂ ಬರೆದಿದ್ದೇನೆ, ದನಿಗೂಡಿಸಿದವಳನ್ನು ‘ಜೊತೆಗಾತಿ’ ಎಂದಷ್ಟೇ ಗುರುತು ಹಾಕಿದ್ದೇನೆ.