ಬಿಚ್ಚಿ ಮತ್ತೆ ಕಟ್ಟಬಹುದಾದ ಮನೆ

ಮನೆ ಮುಳುಗಡೆ ಆಗುತ್ತೆ ಅಂದ್ರೆ ಪಾತ್ರೆ-ಪಗಡ ಸಾಗಿಸಬಹುದು. ಮನೆಯನ್ನೇ ಸಾಗಿಸೋಕೆ ಆಗುತ್ತಾ?

ಇಂಗ್ಲೆಂಡಿನಲ್ಲಿ ಆಯ್ತು. 1960ರ ದಶಕದಲ್ಲಿ ಕೆಂಟ್ ಕೌಂಟಿಯಲ್ಲಿ ಬೌ ಬೀಚ್ ಜಲಾಶಯ ಕಟ್ಟುವಾಗ ‘ಬೇಲೀಫ್’ ಅನ್ನೋ ಹಳೇ ರೈತನ ಮನೆ ನೀರಿನ ದಾರಿಯಲ್ಲಿತ್ತು. 15ನೇ ಶತಮಾನದ ಆರಂಭದ ಮರದ ಚೌಕಟ್ಟಿನ ಮನೆ ಅದು. ಅದನ್ನ ಬಿಚ್ಚಿ, ಸಸೆಕ್ಸ್‌ನ ಸಿಂಗಲ್ಟನ್‌ನಲ್ಲಿರೋ ವೀಲ್ಡ್ ಅಂಡ್ ಡೌನ್‌ಲ್ಯಾಂಡ್ ಮ್ಯೂಸಿಯಂನಲ್ಲಿ ಮತ್ತೆ ನಿಲ್ಲಿಸಿದ್ರು.

ಇದು ಸಾಧ್ಯವಾಗಿದ್ದು ಹೇಗೆ? ನನ್ನ ಪ್ರಕಾರ ಉತ್ತರ ಆ ಕಾಲದ ಬಡಗಿಯ ಕೈಯಲ್ಲೇ ಇದೆ. ಇಂಥ ಮನೆಗಳು, ಪುಟ್ಟ ಕಾಟೇಜ್‌ಗಳೂ ಸೇರಿ, ಮೊದಲು ಬಿಡಿಬಿಡಿಯಾಗಿ ತಯಾರಾಗ್ತಿದ್ವು. ಬಡಗಿ ಓಕ್ ಮರ ಕಡಿದು, ಹಸಿ ಇರುವಾಗಲೇ ಕೆತ್ತುತ್ತಿದ್ದ; ಒಣಗಿದ ಓಕ್ ಉಳಿಗೆ ಸುಲಭಕ್ಕೆ ಬಗ್ಗಲ್ಲ. ಒಂದು ತೊಲೆಯ ತುದಿಯನ್ನು ನಾಲಿಗೆಯಂತೆ ಕೆತ್ತಿ, ಇನ್ನೊಂದರಲ್ಲಿ ಅದು ಕೂರೋ ಕಂಡಿ ಕೊರೆದು, ಎರಡನ್ನೂ ಸೇರಿಸಿ ಮರದ ಗೂಟ ಬಡಿಯುತ್ತಿದ್ದ. ಈ ಕೂಡುಗಳಿಗೆ ಕಬ್ಬಿಣದ ಮೊಳೆ ಬೇಕಿರಲಿಲ್ಲ. ಗೂಟದ ತೂತುಗಳನ್ನು ಬೇಕಂತಲೇ ಸ್ವಲ್ಪ ಓರೆಯಾಗಿ ಇಡ್ತಿದ್ರು. ಗೂಟ ಹೊಡೆದಂತೆ ಕೂಡು ಬಿಗಿಯಾಗುತ್ತೆ.

ಒಂದು ಮುಖ್ಯ ವಿಷಯ: ಯಾವ ತೊಲೆ ಯಾವ ಕಂಬಕ್ಕೆ ಅಂತ ಮರೆಯಬಾರದಲ್ಲ, ಅದಕ್ಕೆ ಪ್ರತಿ ಕೂಡಿನ ಹತ್ತಿರ ರೋಮನ್ ಅಂಕಿಯಂಥ ಗೀರುಗಳನ್ನು ಕೆತ್ತುತ್ತಿದ್ರು. ಆಮೇಲೆ ಎಲ್ಲಾ ಬಿಚ್ಚಿ, ಗಾಡಿಗೆ ಹಾಕಿ ಮನೆಯ ಜಾಗಕ್ಕೆ ತಂದು ಎತ್ತಿ ನಿಲ್ಲಿಸ್ತಿದ್ರು. ಇವತ್ತಿನ ಜೋಡಿಸೋ ಫರ್ನಿಚರ್ ನೆನಪಾಯ್ತಾ?

ಭಾರ ಹೊರೋದು ಚೌಕಟ್ಟು, ಗೋಡೆ ಬರೀ ಹೊದಿಕೆ. ಕಂಬಗಳ ನಡುವೆ ಕಡ್ಡಿ ಹೆಣೆದು ತಡಿಕೆ ಮಾಡಿ, ಮಣ್ಣು, ಒಣಹುಲ್ಲು, ಸಗಣಿ ಕಲಸಿ ಮೆತ್ತುತ್ತಿದ್ರು. ನಮ್ಮ ಹಳ್ಳಿಯ ತಡಿಕೆ ಗೋಡೆ ನೋಡಿದವರಿಗೆ ಇದು ಹೊಸದೇನಲ್ಲ.

ಹಸಿ ಮರ ಬಳಸಿದ್ದರಿಂದ ಇತಿಹಾಸಕಾರರಿಗೂ ಲಾಭವಾಯ್ತು. ಮರ ಕಡಿದ ಸ್ವಲ್ಪ ದಿನದಲ್ಲೇ ಮನೆ ಏಳುತ್ತಿತ್ತು. ಹಾಗಾಗಿ ತೊಗಟೆಯವರೆಗಿನ ಉಂಗುರಗಳು ಉಳಿದಿದ್ರೆ, ಅವನ್ನ ಎಣಿಸಿ ಹೋಲಿಸಿ ಮನೆ ಕಟ್ಟಿದ ವರ್ಷವನ್ನೇ ಹೆಚ್ಚುಕಡಿಮೆ ಹೇಳಬಹುದು.

ಆದ್ರೆ ಚೌಕಟ್ಟು ಉಳಿದರೆ ಎಲ್ಲಾ ಉಳಿದಂತಲ್ಲ. ಸಾಗಿಸಿದ್ದು ಮರವನ್ನ, ಆ ಮನೆಯ ಹೊಲ, ದಾರಿ, ನೆರೆಹೊರೆ ಜೊತೆಗೆ ಬರಲಿಲ್ಲ. ಮುಳುಗಡೆ ಕಂಡ ನಮ್ಮ ಮಲೆನಾಡಿನವರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ.

ರಾಜರ ಅರಮನೆಗೆ ಶಾಸನ ಇರುತ್ತೆ. ಈ ಮನೆಗಳನ್ನು ಕಟ್ಟಿದವರ ಹೆಸರು ಬಹುಪಾಲು ಎಲ್ಲೂ ಇಲ್ಲ. ತೊಲೆಯ ಮೇಲಿನ ಆ ಗೀರುಗಳೇ ಅವರ ಕೈಬರಹ. ಹಳೇ ಮರದ ಮನೆಗೆ ಹೋದಾಗ ತಲೆಯೆತ್ತಿ ಕೂಡುಗಳನ್ನ ನೋಡಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.