ರೋಹಿಣಿಯ ಹಳೆ ಡಿಡಿಎ ಫ್ಲ್ಯಾಟ್‌ನಲ್ಲಿ ಬಾಡಿಗೆಗಿದ್ದೀರಾ? ಮನೆ ನವೀಕರಿಸುವ ಮುನ್ನ ಈ ನಿಯಮ ತಿಳಿಯಿರಿ

ನವದೆಹಲಿ: ದೆಹಲಿ ಅಭಿವೃದ್ಧಿ ಪ್ರಾಧಿಕಾರ (ಡಿಡಿಎ) ರೋಹಿಣಿ ವಸತಿ ಯೋಜನೆ ಆರಂಭಿಸಿದ್ದು 1981ರಲ್ಲಿ. ಇಲ್ಲಿನ ಹಳೆಯ ಫ್ಲ್ಯಾಟ್‌ಗಳಲ್ಲಿ ತೇವ ಹಿಡಿದ ಗೋಡೆ, ತುಕ್ಕು ಹಿಡಿದ ಪೈಪ್ ಸಾಮಾನ್ಯ. ಬಾಡಿಗೆದಾರರು ಸ್ವಂತ ಹಣ ಹಾಕಿ ಮನೆ ನವೀಕರಿಸಬಹುದೇ?

ಕಾನೂನು ಏನು ಹೇಳುತ್ತದೆ?
ಕರಾರಿನಲ್ಲಿ ಬೇರೆ ಷರತ್ತು ಇಲ್ಲದಿದ್ದರೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯ ಸೆಕ್ಷನ್ 108 ಅನ್ವಯಿಸುತ್ತದೆ.

* ಮಾಲೀಕರ ಒಪ್ಪಿಗೆಯಿಲ್ಲದೆ ಶಾಶ್ವತ ನಿರ್ಮಾಣ ಮಾಡುವಂತಿಲ್ಲ.
* ತಾವು ಅಳವಡಿಸಿದ್ದನ್ನು ಮನೆ ಖಾಲಿ ಮಾಡುವ ಮುನ್ನ ಬಿಚ್ಚಿಕೊಂಡು ಹೋಗಬಹುದು. ಆದರೆ ಮನೆಯನ್ನು ಮೊದಲಿದ್ದ ಸ್ಥಿತಿಯಲ್ಲೇ ಒಪ್ಪಿಸಬೇಕು.
* ಮಾಲೀಕರು ಮಾಡಿಸಲೇಬೇಕಾದ ದುರಸ್ತಿಯನ್ನು ನೋಟಿಸ್ ಕೊಟ್ಟ ಬಳಿಕವೂ ಸಕಾಲದಲ್ಲಿ ಮಾಡಿಸದಿದ್ದರೆ, ಬಾಡಿಗೆದಾರರೇ ಮಾಡಿಸಿ ಆ ವೆಚ್ಚವನ್ನು ಬಾಡಿಗೆಯಲ್ಲಿ ಕಳೆಯಬಹುದು.

ಗೋಡೆ ಒಡೆಯಬೇಡಿ
ದೆಹಲಿ ಭೂಕಂಪ ವಲಯ 4ರಲ್ಲಿದೆ. ಅಡುಗೆಮನೆ ದೊಡ್ಡದು ಮಾಡಲು ಭಾರ ಹೊರುವ ಗೋಡೆ ಒಡೆದರೆ ಮೇಲಿನ ಮಹಡಿಯವರಿಗೂ ಅಪಾಯ.

ಏನು ಮಾಡಬಹುದು?
ಮೊದಲು ಸೋರಿಕೆ ಸರಿಪಡಿಸಿ, ಗೋಡೆ ಒಣಗಿದ ನಂತರವೇ ಬಣ್ಣ ಬಳಿಸಿ. ಇಲ್ಲದಿದ್ದರೆ ಬಣ್ಣ ಮತ್ತೆ ಏಳುತ್ತದೆ. ಗೋಡೆಗೆ ಕೂರಿಸುವ ವಾರ್ಡ್‌ರೋಬ್ ಬದಲು ಬಿಚ್ಚಿ ಸಾಗಿಸಬಹುದಾದ ಕಪಾಟು ಆರಿಸಿ. ಕೆಲಸಕ್ಕೆ ಮುನ್ನ ಪ್ರತಿ ಕೋಣೆಯ ಫೋಟೊ ತೆಗೆದಿಡಿ. ಖರ್ಚು ಯಾರದು, ಬಾಡಿಗೆಯಲ್ಲಿ ಎಷ್ಟು ಕಡಿತ ಎಂಬುದನ್ನು ಮಾಲೀಕರಿಂದ ಬರಹದಲ್ಲಿ ಪಡೆಯಿರಿ. ಬಾಯಿಮಾತು ನಂಬಿದರೆ ಮನೆ ಬಿಡುವಾಗ ಅಡ್ವಾನ್ಸ್ ಹಣಕ್ಕೇ ಕತ್ತರಿ ಬೀಳಬಹುದು.